ಗಂಜಿ ಹಾಕದೆ ನಿಲ್ಲುವ ಉಲ್ಲನ್ ಗಿಡಗಳು

ಚಿಕ್ಕಮಗಳೂರಿನಲ್ಲಿ ಸಕ್ಯುಲೆಂಟ್ ಗಿಡ ಸಾಕುವುದು ಹಟದ ಕೆಲಸ. ಗುಲಾಬಿಯಂತೆ ಎಲೆ ಸುತ್ತಿಕೊಳ್ಳುವ ಎಚೆವೆರಿಯಾದ ತವರು ಮೆಕ್ಸಿಕೋದ ಒಣ ಸೀಮೆ. ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಳೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಹೊರಗಿಟ್ಟರೆ ಬುಡ ಕೊಳೆಯುತ್ತದೆ, ಒಳಗಿಟ್ಟರೆ ಬೆಳಕು ಸಾಲದೆ ಕಾಂಡ ಉದ್ದುದ್ದ ಬೆಳೆದು ಸೊರಗುತ್ತದೆ. ನರ್ಸರಿಯವರು ವರ್ಷವರ್ಷವೂ ಹೊಸದನ್ನು ಮಾರಲು ಸಿದ್ಧರಿದ್ದರು, ಕೊಳ್ಳಲು ನಾನು ಸಿದ್ಧಳಿರಲಿಲ್ಲ. ಅಮ್ಮ ಕಲಿಸಿದ ಕ್ರೋಶಾ ಕೈಯಲ್ಲಿತ್ತು. ಬಾಗಿಲಿನ ತೋರಣ ಹೆಣೆದ ಕಡ್ಡಿಯಲ್ಲೇ ಗಿಡ ಹೆಣೆಯಲು ಕುಳಿತೆ.

ಈ ಕೆಲಸದಲ್ಲಿ ಮುಖ್ಯ ಪ್ರಶ್ನೆ ಒಂದೇ: ಎಲೆ ಜೋಲದೆ ನಿಲ್ಲಬೇಕು. ಕೇಳಿದವರೆಲ್ಲ ಸಬ್ಬಕ್ಕಿ ಗಂಜಿ ಹಾಕು ಎನ್ನುತ್ತಾರೆ. ಬಯಲುಸೀಮೆಯವರಿಗೆ ಅದು ಸರಿ. ಇಲ್ಲಿ ಆಷಾಢದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೇ ಬೂಸು ಹಿಡಿಯುತ್ತದೆ, ಗಂಜಿ ಕುಡಿದ ಹತ್ತಿ ನೂಲನ್ನು ಬಿಟ್ಟೀತೇ? ಆದ್ದರಿಂದ ನಾನು ಬಿಗಿಯನ್ನು ಹೆಣಿಗೆಯಲ್ಲೇ ತರುತ್ತೇನೆ. ನೂಲು ಅಕ್ರಿಲಿಕ್, ಅಂಗಡಿಯಲ್ಲಿ ಉಲ್ಲನ್ ಎಂದೇ ಕೊಡುತ್ತಾರೆ. ಉಂಡೆಯ ಚೀಟಿಯಲ್ಲಿ 4 ಮಿಲಿಮೀಟರ್ ಕಡ್ಡಿ ಎಂದಿದ್ದರೆ ನಾನು 2.5 ಹಿಡಿಯುತ್ತೇನೆ. ಕುಣಿಕೆಯೊಳಗೆ ಕಡ್ಡಿ ನುಗ್ಗಿಸಲು ಸ್ವಲ್ಪ ಬಲ ಬೇಕಾಗುತ್ತದೆ, ಸಂಜೆಯ ಹೊತ್ತಿಗೆ ಹೆಬ್ಬೆರಳು ನೋಯುತ್ತದೆ. ಆದರೆ ಹೀಗೆ ಹೆಣೆದ ಎಲೆಯನ್ನು ಬೆರಳಲ್ಲಿ ಬಗ್ಗಿಸಿ ಬಿಟ್ಟರೆ ತಾನಾಗಿ ಎದ್ದು ನಿಲ್ಲುತ್ತದೆ. ತಂತಿಯೂ ಬೇಡ.

ಎಚೆವೆರಿಯಾದ ನಡುಗಾತ್ರದ ಎಲೆಗೆ ಏಳು ಸರಪಳಿ, ಅಂದರೆ ಒಂದರೊಳಗಿಂದ ಒಂದು ಎಳೆದ ಕುಣಿಕೆ, ಹಾಕುತ್ತೇನೆ. ಮುಂದೆ ಬರುವ ಸಿಂಗಲ್, ಹಾಫ್ ಡಬಲ್, ಡಬಲ್ ಎಂಬವು ಒಂದಕ್ಕಿಂತ ಒಂದು ಎತ್ತರದ ಹೆಣಿಗೆಗಳು. ಕಡ್ಡಿಯಿಂದ ಎರಡನೆಯ ಸರಪಳಿಯಲ್ಲಿ ಒಂದು ಸಿಂಗಲ್, ಮುಂದಿನದರಲ್ಲಿ ಹಾಫ್ ಡಬಲ್, ಆಮೇಲಿನ ಎರಡರಲ್ಲಿ ಒಂದೊಂದು ಡಬಲ್, ಮತ್ತೆ ಹಾಫ್ ಡಬಲ್. ಕೊನೆಯ ಸರಪಳಿಯೇ ಎಲೆಯ ತುದಿ. ಅದರಲ್ಲಿ ಒಂದು ಸಿಂಗಲ್, ಎರಡು ಸರಪಳಿ, ಅದೇ ಜಾಗದಲ್ಲಿ ಇನ್ನೊಂದು ಸಿಂಗಲ್. ಅಲ್ಲಿಂದ ಸರಪಳಿಯ ಮತ್ತೊಂದು ಬದಿಗೆ ತಿರುಗಿ ಹಾಫ್ ಡಬಲ್, ಎರಡು ಡಬಲ್, ಹಾಫ್ ಡಬಲ್, ಸಿಂಗಲ್ ಎಂದು ಬುಡಕ್ಕೆ ಮರಳುತ್ತೇನೆ. ಈ ಹೆಸರುಗಳೆಲ್ಲ ಅಮೆರಿಕದ ಕ್ರಮದವು. ಬ್ರಿಟಿಷ್ ಪುಸ್ತಕ ನೋಡಿ ಹೆಣೆಯುವವರು ಎಚ್ಚರ, ಅವರು ಇದೇ ಸಿಂಗಲ್ಲನ್ನು ಡಬಲ್ ಎನ್ನುತ್ತಾರೆ.

ಇಷ್ಟಕ್ಕೆ ಎಲೆ ಚಪ್ಪಟೆಯಾಗಿಯೇ ಇರುತ್ತದೆ. ನಿಜವಾದ ಎಲೆ ಸೌಟಿನ ಹಾಗೆ ಒಳಕ್ಕೆ ಬಾಗಿರುತ್ತದಲ್ಲವೇ? ಅದಕ್ಕೆ ಅಂಚಿನ ಸುತ್ತ ಒಂದು ಸಾಲು ಸ್ಲಿಪ್ ಸ್ಟಿಚ್ (ಎಲ್ಲಕ್ಕಿಂತ ಗಿಡ್ಡನೆಯ ಹೆಣಿಗೆ) ಹಾಕಿ ನೂಲನ್ನು ಎಳೆದು ಬಿಗಿಗೊಳಿಸುತ್ತೇನೆ. ಅಂಚು ಕುಗ್ಗುತ್ತದೆ, ನಡುಭಾಗ ತಾನಾಗಿ ಗುಳಿ ಬೀಳುತ್ತದೆ. ಆ ಸಾಲಿಗೆ ತಿಳಿ ಗುಲಾಬಿ ನೂಲು ಹಿಡಿದರೆ ಬಿಸಿಲು ಕುಡಿದ ಎಲೆಯಂಚಿನ ಕೆಂಪೂ ಸಿಕ್ಕಿತು.

ಜೋಡಿಸುವಾಗ ಅವಸರ ಸಲ್ಲದು. ಹೊರಸುತ್ತಿಗೆ ಎಂಟು ದೊಡ್ಡ ಎಲೆ, ಒಳಗೆ ಐದು, ನಡುವೆ ಮೂರು. ಗಿಡವನ್ನು ನೆತ್ತಿಯ ಮೇಲಿಂದ ನೋಡಿದರೆ ಒಂದು ಎಲೆಯ ನೆಟ್ಟ ಮೇಲೆ ಇನ್ನೊಂದು ಕೂತಿರುವುದಿಲ್ಲ. ಇಂಥ ಗಿಡಗಳಲ್ಲಿ ಸಾಮಾನ್ಯವಾಗಿ ಪ್ರತಿ ಹೊಸ ಎಲೆ ಹಿಂದಿನದರಿಂದ ಸುಮಾರು 137.5 ಡಿಗ್ರಿ ಸರಿದು ಹುಟ್ಟುತ್ತದೆ, ಹಾಗಾಗಿ ಕೆಳಗಿನ ಎಲೆಗೂ ಬೆಳಕು ತಲುಪುತ್ತದೆ. ನಾನು ಕೋನಮಾಪಕ ಹಿಡಿದು ಕೂರುವುದಿಲ್ಲ. ಕೆಳಗಿನ ಎರಡು ಎಲೆಗಳ ಸಂದಿಗೆ ಮೇಲಿನದು ಬರುವಂತೆ ಹೊಲಿದರೆ ಕಣ್ಣಿಗೆ ಒಪ್ಪುತ್ತದೆ.

ಇದೆಲ್ಲ ವಿದೇಶಿ ಗಿಡದ ಮಾತು. ನನಗೆ ಹೆಚ್ಚು ರುಚಿಸಿದ್ದು ಹಿತ್ತಲಿನವು. ಕಾಡುಬಸಳೆಯ ಎಲೆಯಂಚಿನ ಕಚ್ಚುಗಳಲ್ಲಿ ಮರಿಗಿಡಗಳು ಮೊಳೆಯುತ್ತವೆ. ಅಂಚಿನಲ್ಲಿ ಮೂರು ಸರಪಳಿಯ ಪುಟ್ಟ ಕುಣಿಕೆ ಮಾಡಿ, ಅಲ್ಲಲ್ಲಿ ಎಳೆ ಹಸಿರು ನೂಲಿನ ಎರಡು ಗಂಟು ಹಾಕಿದರೆ ಮರಿ ಬಂದಂತೆಯೇ. ಮಂಗರವಳ್ಳಿ ಇನ್ನೂ ಸೊಗಸು. ಅದರ ಕಾಂಡಕ್ಕೆ ನಾಲ್ಕು ಏಣು. ಉದ್ದದ ಪಟ್ಟಿಯೊಂದನ್ನು ಹೆಣೆದು, ಅಂಚುಗಳನ್ನು ಸೇರಿಸಿ ಕೊಳವೆ ಮಾಡಿ, ನಾಲ್ಕು ಮಡಿಕೆಯ ಗುಂಟ ಸ್ಲಿಪ್ ಸ್ಟಿಚ್ ಎಳೆದರೆ ಏಣು ಎದ್ದು ಬರುತ್ತದೆ. ಗೆಣ್ಣು ಬೇಕಾದಲ್ಲಿ ನೂಲನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದರಾಯಿತು. ಇಂಥವಕ್ಕೆ ಸಿದ್ಧ ನಮೂನೆ ನನಗೆ ಎಲ್ಲೂ ಸಿಗಲಿಲ್ಲ. ಒಂದು ತುಂಡು ಕಿತ್ತು ತಂದು, ಮೇಜಿನ ಮೇಲಿಟ್ಟು ನೋಡುತ್ತಾ ಹೆಣೆಯಬೇಕು.

ಪಾಪಾಸುಕಳ್ಳಿ ಹೆಣೆಯುತ್ತೇನೆ ಎಂದಾಗ ಅತ್ತೆ ತಡೆದರು. "ಮುಳ್ಳಿನ ಗಿಡ ಮನೆಯೊಳಗೆ ಬೇಡಮ್ಮ, ಜಗಳ ತರುತ್ತದೆ." ಇದರಲ್ಲಿ ಮುಳ್ಳೇ ಇಲ್ಲವಲ್ಲ ಅತ್ತೆ ಎಂದೆ. ತುಸು ಯೋಚಿಸಿ, "ಹಾಗಾದರೆ ಬಿಳಿ ನೂಲಿನಲ್ಲಿ ಚುಕ್ಕಿಯನ್ನಾದರೂ ಇಡು, ಇಲ್ಲದಿದ್ದರೆ ಸೌತೆಕಾಯಿ ಎಂದುಕೊಂಡಾರು" ಎಂದರು. ಇಟ್ಟೆ. ಅವರ ಮಾತು ಸರಿಯಾಗಿತ್ತು.

ಕುಂಡಕ್ಕೆ ಮಣ್ಣಿನ ಪುಟ್ಟ ಕುಡಿಕೆಗಳೇ ಚೆಂದ. ತಳಕ್ಕೆ ಒಂದು ಹಿಡಿ ಜಲ್ಲಿ ಹಾಕದಿದ್ದರೆ ಫ್ಯಾನಿನ ಗಾಳಿಗೇ ಉರುಳುತ್ತವೆ. ಅದರ ಮೇಲೆ ದಿಂಬಿಗೆ ತುಂಬುವ ಫೈಬರ್ ಒತ್ತುತ್ತೇನೆ, ಹತ್ತಿ ತುಂಬಿದರೆ ತೇವ ಹಿಡಿದು ಗಟ್ಟಿಯಾಗುತ್ತದೆ. ಮೇಲ್ಮಣ್ಣಿಗೆ ಕಾಫಿ ಬಣ್ಣದ ನೂಲಿನ ಬಿಲ್ಲೆ: ಮ್ಯಾಜಿಕ್ ರಿಂಗಿನಲ್ಲಿ (ಎಳೆದು ಬಿಗಿಸಬಹುದಾದ ನೂಲಿನ ಉಂಗುರ) ಆರು ಸಿಂಗಲ್, ಮುಂದಿನ ಸುತ್ತು ಹನ್ನೆರಡು, ಆಮೇಲೆ ಹದಿನೆಂಟು, ಹೀಗೆ ಕುಡಿಕೆಯ ಬಾಯಿ ಮುಚ್ಚುವವರೆಗೆ ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋಗುವುದು. ಗಿಡವನ್ನು ಈ ಬಿಲ್ಲೆಗೆ ಮೊದಲೇ ಹೊಲಿದುಕೊಳ್ಳಿ, ಕುಡಿಕೆಯೊಳಗೆ ಕೂರಿಸಿದ ಮೇಲೆ ಸೂಜಿ ಆಡುವುದಿಲ್ಲ. ಬಿಲ್ಲೆಯನ್ನು ಕುಡಿಕೆಗೆ ಅಂಟಿಸಲೂಬೇಡಿ. ಧೂಳು ಕೂತಾಗ ಗಿಡವನ್ನು ಎತ್ತಿ ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಬಹುದು. ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಹತ್ತಿರ ತರಬೇಡಿ, ಬಿಸಿ ತಾಗಿದ ಅಕ್ರಿಲಿಕ್ ಸೊಪ್ಪಾದರೆ ಮತ್ತೆ ನೆಟ್ಟಗಾಗುವುದಿಲ್ಲ.