ಈರುಳ್ಳಿಯನ್ನು ಕೆಂಪಗೆ ಹುರಿದು ಉಪ್ಪನ್ನು ಇಳಿಸಿದ ನನ್ನ ಅನುಭವ

ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ಒಡೆದ ದಿನವೇ ಅದರ ಮೇಲೆ ದಿನಾಂಕ ಬರೆದಿಡುವ ಅಭ್ಯಾಸ ನನಗೆ ಎರಡು ವರ್ಷದಿಂದ ಇದೆ. ಮೊದಲು ನಮ್ಮ ನಾಲ್ವರ ಮನೆಯಲ್ಲಿ ಪೊಟ್ಟಣ 28 ದಿನಕ್ಕೆ ತಳ ಕಾಣುತ್ತಿತ್ತು. ಈಗ 45ರ ಆಸುಪಾಸು ಬರುತ್ತದೆ. ಅಂದರೆ ತಲೆಗೆ ದಿನಕ್ಕೆ ಸುಮಾರು 9 ಗ್ರಾಂ ಇದ್ದದ್ದು ಐದೂವರೆಗೆ ಇಳಿದಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 5 ಗ್ರಾಂನ ಮಿತಿಯನ್ನು ಇನ್ನೂ ಮುಟ್ಟಿಲ್ಲ, ಹೊರಗೆ ತಿಂದದ್ದಂತೂ ಈ ಲೆಕ್ಕಕ್ಕೆ ಸೇರಿಲ್ಲ. ಆದರೂ ನಕ್ಕವರ ಮುಂದೆ ಖಾಲಿ ಪೊಟ್ಟಣಗಳನ್ನು ಸಾಲಾಗಿ ಇಟ್ಟು ತೋರಿಸಿದ್ದೇನೆ.

ನಕ್ಕವರಲ್ಲಿ ಮೊದಲಿಗರು ಅಮ್ಮ. "ಉಪ್ಪಿಗಿಂತ ರುಚಿಯಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರಾ?" ಎಂದರು. ಅದೇ ಗಾದೆಯ ಉಳಿದ ಅರ್ಧ ತಾಯಿಯ ಬಗ್ಗೆ ಇರುವುದರಿಂದ ನಾನು ಎದುರಾಡಲಿಲ್ಲ.

ಈರುಳ್ಳಿಯ ಗುಣಗಾನ ಮಾಡುವವರೆಲ್ಲ ಗಂಧಕ, ಕ್ವೆರ್ಸೆಟಿನ್ (ಈರುಳ್ಳಿಯಲ್ಲಿ ಸಹಜವಾಗಿ ಇರುವ ಒಂದು ಸಸ್ಯ ರಾಸಾಯನಿಕ) ಎಂದು ಶುರು ಮಾಡುತ್ತಾರೆ. ಅವೆಲ್ಲ ಇವೆ, ಇಲ್ಲವೆನ್ನುವುದಿಲ್ಲ. ನನ್ನ ಪಾಲಿಗೆ ಅದರ ದೊಡ್ಡ ಉಪಕಾರ ಬೇರೆ: ಅದು ಅಡುಗೆಯೊಳಗೆ ಬಂದು ಕುಳಿತ ಮೇಲೆ ಉಪ್ಪು ಎದ್ದು ಹೋಯಿತು. 100 ಗ್ರಾಂ ಈರುಳ್ಳಿಯಲ್ಲಿ ಸೋಡಿಯಂ 4 ಮಿಲಿಗ್ರಾಂ ಮಾತ್ರ, ಪೊಟ್ಯಾಸಿಯಂ 145ರಷ್ಟು. ಉಪ್ಪಿನ ಜಾಗಕ್ಕೆ ಕೂರಿಸಲು ಇದಕ್ಕಿಂತ ಅಗ್ಗದ ಪದಾರ್ಥ ನನಗೆ ಸಿಗಲಿಲ್ಲ.

ಸೋತದ್ದನ್ನು ಮೊದಲು ಹೇಳಿಬಿಡುತ್ತೇನೆ. ಆರಂಭದಲ್ಲಿ ಉತ್ಸಾಹದಿಂದ ಉಪ್ಪನ್ನು ಒಂದೇ ದಿನ ಅರ್ಧಕ್ಕೆ ಇಳಿಸಿ, ಬದಲಿಗೆ ಊಟದ ಜೊತೆ ತಲೆಗೊಂದು ಹಸಿ ಈರುಳ್ಳಿ ಎಂದು ಕಾನೂನು ಮಾಡಿದೆ. ಮೂರು ವಾರ ನಡೆಯಿತು. ಮಾಡಿದ ಅಡುಗೆಯಲ್ಲಿ ಕಾಲು ಭಾಗ ಪಾತ್ರೆಯಲ್ಲೇ ಉಳಿಯುತ್ತಿತ್ತು. ಮಕ್ಕಳು ಉಪ್ಪಿನ ಡಬ್ಬಿಯನ್ನು ಮೇಜಿನ ಕೆಳಗೆ ಕಾಲಿನ ನಡುವೆ ಇಟ್ಟುಕೊಂಡು ಉದುರಿಸಿಕೊಳ್ಳುತ್ತಿದ್ದದ್ದು ಆಮೇಲೆ ಗೊತ್ತಾಯಿತು. ನನಗೆ ರಾತ್ರಿ ಎದೆಯುರಿ, ಹೊಟ್ಟೆಯುಬ್ಬರ. ಕಚೇರಿಯಲ್ಲಿ ಪಕ್ಕದ ಕುರ್ಚಿಯವರು ಕಿಟಕಿಯ ಬಳಿಗೆ ಜಾಗ ಬದಲಿಸಿಕೊಂಡರು. ಆ ತಿಂಗಳು ಚೆಲ್ಲಿದ ಅಡುಗೆಯ ದುಡ್ಡಿನಲ್ಲಿ ಹತ್ತು ದಿನದ ತರಕಾರಿ ಬರುತ್ತಿತ್ತು.

ಎರಡನೆಯ ಸಲ ಕೆಂಪಗೆ ಹುರಿದು ಹಾಕುವ ದಾರಿ ಹಿಡಿದೆ. ಎಣ್ಣೆ ಕಾಯಿಸಿ ಈರುಳ್ಳಿ ಸುರಿದರೆ ಅದು ಸ್ಪಂಜಿನಂತೆ ಕುಡಿಯಿತು. ಉಪ್ಪು ಬಿಟ್ಟು ಎಣ್ಣೆಗೆ ಬಿದ್ದಂತಾಯಿತು. ಅದು ಸಾಲದೆಂದು, ಬೇಗ ಕೆಂಪಾಗಲಿ ಎಂದು ಅಡುಗೆ ಸೋಡಾ ಹಾಕತೊಡಗಿದೆ. ಬಣ್ಣ ಹತ್ತೇ ನಿಮಿಷಕ್ಕೆ ಬಂತು, ಎಸಳು ಮಾತ್ರ ಗೋಂದಿನಂತಾಯಿತು. ಸುಮಾರು ಎರಡು ತಿಂಗಳು ಹಾಗೆಯೇ ನಡೆಸಿದ ಮೇಲೆ ಒಂದು ದಿನ ಸೋಡಾ ಡಬ್ಬಿಯ ಹಿಂದಿನ ಬರಹ ಓದಿದೆ. ಸೋಡಿಯಂ ಬೈಕಾರ್ಬೋನೇಟ್! ಚಮಚಕ್ಕೆ ಚಮಚ ನೋಡಿದರೆ ಉಪ್ಪಿನಲ್ಲಿರುವ ಸೋಡಿಯಂನ ಅರ್ಧಕ್ಕಿಂತ ತುಸು ಹೆಚ್ಚೇ ಅದರಲ್ಲಿದೆ. ಮುಂಬಾಗಿಲಿನಿಂದ ಹೊರಗೆ ಕಳಿಸಿದ್ದನ್ನು ನಾನೇ ಹಿತ್ತಿಲಿನಿಂದ ಕರೆದುಕೊಂಡು ಬರುತ್ತಿದ್ದೆ. ಈ ಸಂಗತಿಯನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ.

ಮೂರನೆಯ ಸಲ 3 ಕಿಲೋ ಒಟ್ಟಿಗೆ ಇಟ್ಟು ಫೋನಿನಲ್ಲಿ ಮಾತಾಡುತ್ತ ನಿಂತೆ. ತಳ ಹಿಡಿದು ಪೂರ್ತಿ ಕಹಿ. ಈರುಳ್ಳಿ ತುಟ್ಟಿಯಾಗಿದ್ದ ವಾರವೇ ಅದು ಆಗಬೇಕಿತ್ತು.

ಈಗ ಕೈಹಿಡಿದಿರುವ ವಿಧಾನ ಹೀಗಿದೆ. 3 ಕಿಲೋ ಈರುಳ್ಳಿಯ ಒಣ ಸಿಪ್ಪೆಯನ್ನಷ್ಟೇ ತೆಗೆಯುತ್ತೇನೆ. ಕ್ವೆರ್ಸೆಟಿನ್ ಹೆಚ್ಚಾಗಿ ಹೊರಗಿನ ಪದರಗಳಲ್ಲೇ ಇರುತ್ತದೆ, ಅಂದಕ್ಕಾಗಿ ಎರಡು ಪದರ ಸುಲಿದು ಎಸೆಯುವವರು ಇದನ್ನು ಗಮನಿಸಬೇಕು. ಬೇರಿನಿಂದ ತುದಿಯ ಕಡೆಗೆ ಉದ್ದುದ್ದ ಹೆಚ್ಚಿ, ಹದಿನೈದು ನಿಮಿಷ ಹಾಗೇ ಹರಡಿ ಬಿಡುತ್ತೇನೆ. ದಪ್ಪ ತಳದ ಅಗಲವಾದ ಬಾಣಲೆಗೆ ಎಣ್ಣೆ ಇಲ್ಲದೆ, ಉಪ್ಪಿಲ್ಲದೆ ಹಾಕಿ ಮುಚ್ಚುತ್ತೇನೆ. ಈರುಳ್ಳಿಯ ತೂಕದಲ್ಲಿ ಶೇಕಡಾ 89ರಷ್ಟು ನೀರೇ ಇರುವುದರಿಂದ ಇಪ್ಪತ್ತು ನಿಮಿಷದಲ್ಲಿ ಅದು ತನ್ನ ನೀರಿನಲ್ಲೇ ಮುಳುಗಿರುತ್ತದೆ. ಮುಚ್ಚಳ ತೆಗೆದು ಆ ನೀರನ್ನು ಅಲ್ಲೇ ಇಂಗಿಸಬೇಕು. ಬಸಿದರೆ ಪೊಟ್ಯಾಸಿಯಂ ಅದರ ಜೊತೆ ಹೋಯಿತು, ಕ್ವೆರ್ಸೆಟಿನ್‌ನಲ್ಲೂ ಒಂದು ಪಾಲು ಹೋಯಿತು. ನೀರು ಹೋದ ಮೇಲಷ್ಟೇ ಮೂರು ಚಮಚ ಎಣ್ಣೆ. ನನ್ನ ಎಣ್ಣೆಯ ಸಮಸ್ಯೆ ಬಗೆಹರಿದದ್ದು ಇಲ್ಲಿ: ನೀರು ಬಿಟ್ಟು ಕುಗ್ಗಿದ ಎಸಳು ಅಷ್ಟು ಎಣ್ಣೆ ಕೇಳುವುದಿಲ್ಲ.

ಆಮೇಲೆ ನಿಂತು ಕಾಯುವ ಕೆಲಸ. ಸದ್ದು ಕೇಳಿಸಿಕೊಳ್ಳಬೇಕು. ಕೊತಕೊತ ಎನ್ನುವವರೆಗೆ ಭಯವಿಲ್ಲ, ಚಿಟಚಿಟ ಶುರುವಾದರೆ ಬಾಣಲೆ ಬಿಟ್ಟು ಕದಲಬಾರದು. ತಳಕ್ಕೆ ಕಂದು ಪೊರೆ ಕಟ್ಟಿದಾಗಲೆಲ್ಲ ಒಂದಿಷ್ಟು ದ್ರವ ಚಿಮುಕಿಸಿ ಕೆರೆದು ಎಸಳಿಗೇ ಬೆರೆಸಬೇಕು. ಉಪ್ಪಿನ ಕೆಲಸ ಮಾಡುವುದು ಆ ಪೊರೆಯೇ. ಚಿಮುಕಿಸುವುದು ಬರಿಯ ನೀರಾದರೂ ನಡೆಯುತ್ತದೆ. ನಾನು ಬಳಸುವುದು ನೀರನ್ನಲ್ಲ, ಏನೆಂದು ಇಲ್ಲಿ ಬರೆಯುವುದೂ ಇಲ್ಲ. ನಾಲ್ಕಾರು ಬಗೆ ಪ್ರಯತ್ನಿಸಿದರೆ ನಿಮಗೇ ಸಿಗುತ್ತದೆ. ಒಟ್ಟು ಎರಡು ಗಂಟೆ. 3 ಕಿಲೋ ಹೋಗಿ 700 ಗ್ರಾಂ ಉಳಿಯುತ್ತದೆ, ಬಣ್ಣ ಹಳೆಯ ಬೆಲ್ಲದಂತೆ. ರುಬ್ಬಿ, ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿಗೆ ಹಾಕಿದರೆ 24 ಈರುಳ್ಳಿ ಗಟ್ಟಿಗಳಾಗುತ್ತವೆ. ಮುಚ್ಚಳವಿರುವ ಟ್ರೇ ಕೊಳ್ಳಿ. ಮುಚ್ಚಳವಿಲ್ಲದ್ದನ್ನು ಇಟ್ಟು, ಬಂದ ನೆಂಟರಿಗೆ ಈರುಳ್ಳಿ ವಾಸನೆಯ ಶರಬತ್ತು ಕುಡಿಸಿದ್ದೇನೆ.

ನಾಲ್ವರ ಒಂದು ಹೊತ್ತಿನ ಅಡುಗೆಗೆ ಎರಡು ಗಟ್ಟಿ. ಉಪ್ಪನ್ನು ಹದಿನೈದು ದಿನಕ್ಕೊಮ್ಮೆ ಕಾಲು ಚಮಚದಂತೆ ಇಳಿಸಿದೆ, ಯಾರಿಗೂ ಹೇಳಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಅಮ್ಮ ಬೇರೆಯವರ ಮನೆಯಲ್ಲಿ ಉಂಡು ಬಂದು "ಕೈ ತಪ್ಪಿ ಉಪ್ಪು ಸುರಿದಿದ್ದಾರೆ" ಎಂದರು. ನಾನು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದೆ.

ನಾಲಗೆ ತಾನಾಗಿಯೇ ಒಗ್ಗಿಕೊಂಡಿತು, ಈರುಳ್ಳಿಯ ಪಾತ್ರವೇನೂ ಇಲ್ಲ ಎಂದು ಒಬ್ಬ ಗೆಳೆಯ ವಾದಿಸಿದ. ಸರಿ ಎಂದು ಎರಡು ವಾರ ಗಟ್ಟಿ ಹಾಕದೆ ಅಡುಗೆ ಮಾಡಿದೆ. ಎಂಟನೆಯ ದಿನಕ್ಕೆ ಉಪ್ಪಿನ ಡಬ್ಬಿ ಮತ್ತೆ ಮೇಜಿನ ಕೆಳಗೆ ಇಳಿದಿತ್ತು. ನಾಲಗೆಯದೂ ಪಾಲಿದೆ, ಒಪ್ಪುತ್ತೇನೆ. ಅದು ಒಗ್ಗುವವರೆಗೆ ಊರುಗೋಲು ಬೇಕಲ್ಲ.

ದುಡ್ಡಿನ ಮಾತು. ಈರುಳ್ಳಿಯ ಖರ್ಚು ಒಂದೂವರೆ ಪಟ್ಟು ಆಯಿತು, ಗ್ಯಾಸ್ ಸಿಲಿಂಡರ್ ಐದಾರು ದಿನ ಮೊದಲೇ ಮುಗಿಯತೊಡಗಿತು. ಉಪ್ಪಿನಲ್ಲಿ ಉಳಿದದ್ದು ಚಿಲ್ಲರೆ. ಪ್ಯಾಕೆಟ್ಟಿನ ಮಸಾಲೆ, ಸೂಪಿನ ಪುಡಿಗಳನ್ನು ನಿಲ್ಲಿಸಿದ್ದರಿಂದ ಲೆಕ್ಕ ಹೆಚ್ಚು ಕಡಿಮೆ ಸರಿಹೋಯಿತು. ನಿಜವಾಗಿ ದುಡ್ಡು ಹಾಳಾದದ್ದು ಕ್ವೆರ್ಸೆಟಿನ್ ಮಾತ್ರೆಗಳಲ್ಲಿ. ಒಂದು ಡಬ್ಬಿಯ ಬೆಲೆಗೆ ಎರಡು ತಿಂಗಳ ಈರುಳ್ಳಿ ಬರುತ್ತಿತ್ತು. ಜರ್ಮನಿಯ ಒಂದು ಪ್ರಯೋಗವನ್ನು ಓದಿ ಮರುಳಾಗಿದ್ದೆ. 2015ರಲ್ಲಿ ಪ್ರಕಟವಾದದ್ದು: ಈರುಳ್ಳಿ ಸಿಪ್ಪೆಯ ಸಾರದಿಂದ ದಿನಕ್ಕೆ 162 ಮಿಲಿಗ್ರಾಂ ಕ್ವೆರ್ಸೆಟಿನ್ ಕೊಟ್ಟಾಗ, ಅಧಿಕ ರಕ್ತದೊತ್ತಡ ಇದ್ದವರಲ್ಲಿ ಮೇಲಿನ ಅಂಕಿ ಮೂರೂವರೆಯಷ್ಟು ಇಳಿದಿತ್ತು. ಅಷ್ಟನ್ನು ಈರುಳ್ಳಿ ತಿಂದೇ ಪಡೆಯುತ್ತೇನೆಂದರೆ ಕೆಂಪು ಈರುಳ್ಳಿಯೇ ದಿನಕ್ಕೆ ಅರ್ಧ ಕಿಲೋದ ಹತ್ತಿರ ಬೇಕು. ಬಿಳಿಯದರಲ್ಲಿ ಕ್ವೆರ್ಸೆಟಿನ್ ಹೆಸರಿಗಷ್ಟೇ. ಡಬ್ಬಿ ಮುಗಿದ ಮೇಲೆ ಎರಡನೆಯದನ್ನು ಕೊಳ್ಳಲಿಲ್ಲ.

ನನ್ನ ರಕ್ತದೊತ್ತಡದ ಮೇಲಿನ ಅಂಕಿ 145ರ ಸುತ್ತ ಇದ್ದದ್ದು ಈಗ 132-134ರಲ್ಲಿ ಆಡುತ್ತಿದೆ. ಅದೇ ಅವಧಿಯಲ್ಲಿ ನಡಿಗೆಯನ್ನೂ ಶುರು ಮಾಡಿದ್ದೆ, ವೈದ್ಯರು ಬರೆದ ಗುಳಿಗೆಯನ್ನೂ ಬಿಟ್ಟಿಲ್ಲ. ಯಾವುದಕ್ಕೆ ಎಷ್ಟು ಶ್ರೇಯಸ್ಸು ಎಂದು ಹಂಚುವುದು ನನ್ನಿಂದಾಗದು. ವೈದ್ಯರಂತೂ ಈರುಳ್ಳಿಯ ಹೆಸರನ್ನೇ ಎತ್ತದೆ "ಉಪ್ಪು ಕಡಿಮೆಯಾಗಿದೆಯಲ್ಲ, ಮುಂದುವರಿಸಿ" ಎಂದರು.

ನಡುನಡುವೆ ಮಾಡಿದ ಹುಚ್ಚಾಟಗಳೂ ಇವೆ. ಉಪ್ಪುನೀರಿನಲ್ಲಿ ಹುದುಗಿಸಿದ ಈರುಳ್ಳಿ ಬಹಳ ರುಚಿ, ಆದರೆ ಅದಕ್ಕೆ ಹಾಕುವ ಉಪ್ಪು ನೋಡಿ ನಿಲ್ಲಿಸಿದೆ. ಹೆಚ್ಚಿದ ಈರುಳ್ಳಿಯನ್ನು ಕೋಣೆಯ ಮೂಲೆಯಲ್ಲಿಟ್ಟರೆ ನೆಗಡಿಯನ್ನು ಹೀರಿಕೊಳ್ಳುತ್ತದೆ ಎಂಬುದನ್ನೂ ಪರೀಕ್ಷಿಸಿದೆ. ಕೋಣೆ ನಾರಿತು, ನೆಗಡಿ ಎಲ್ಲರಿಗೂ ಬಂತು. ಬಾಣಲೆ ಕೆರೆದದ್ದನ್ನು ನಾಯಿಯ ತಟ್ಟೆಗೆ ಹಾಕಲು ಹೋಗಿ ಮಗಳಿಂದ ಬೈಸಿಕೊಂಡೆ. ಅವಳು ಹೇಳಿದ್ದೇ ಸರಿ: ಬೇಯಿಸಿದರೂ ಹುರಿದರೂ ಈರುಳ್ಳಿ ನಾಯಿ, ಬೆಕ್ಕುಗಳ ಕೆಂಪು ರಕ್ತಕಣವನ್ನು ಒಡೆಯುತ್ತದೆ.

ಹಸಿ ಈರುಳ್ಳಿಯನ್ನು ಪೂರ್ತಿ ಬಿಟ್ಟಿಲ್ಲ. ಸಣ್ಣಗೆ ಹೆಚ್ಚಿ, ನಿಂಬೆರಸದಲ್ಲಿ ಅರ್ಧ ಗಂಟೆ ಇಟ್ಟು ಒಂದು ಚಮಚದಿಂದ ಮತ್ತೆ ಶುರು ಮಾಡಿದೆ. ವಾರಕ್ಕೊಂದು ಚಮಚ ಏರಿಸುತ್ತ ಹೋದೆ, ಈಗ ನಾಲ್ಕು ಚಮಚ ತಡೆಯುತ್ತದೆ. ಐದನೆಯದಕ್ಕೆ ಹೊಟ್ಟೆ ಗುಡುಗುತ್ತದೆ. ಅದರಲ್ಲಿರುವ ಫ್ರಕ್ಟಾನ್ ಎಂಬ ನಾರು ದೊಡ್ಡ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳಿಗೆ ಆಹಾರ, ಅವು ಉಂಡಾಗ ಬರುವ ಗಾಳಿ ನಮ್ಮ ಪಾಲಿಗೆ.

ಅಕ್ಕನ ಕರುಳಿಗೆ ಮಾತ್ರ ಒಂದು ಚಮಚವೂ ಆಗದು, ಗಟ್ಟಿಯೂ ಆಗದು. ಹುರಿದರೂ ಫ್ರಕ್ಟಾನ್ ಉಳಿದೇ ಇರುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಅವಳಿಗೆ ದೊಡ್ಡ ಹೋಳುಗಳನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ, ಒಂದು ಚೂರೂ ಉಳಿಯದಂತೆ ಸೋಸಿ, ಎಣ್ಣೆಯನ್ನಷ್ಟೇ ಕೊಡುತ್ತೇನೆ. ಹೊರಗಿಟ್ಟರೆ ವಿಷವಾಗುವ ಭಯ ಇರುವುದರಿಂದ ಅದನ್ನೂ ಟ್ರೇಯಲ್ಲಿ ಗಟ್ಟಿ ಮಾಡಿಯೇ ಕಳಿಸುವುದು. "ಈರುಳ್ಳಿ ಇಲ್ಲದ ಈರುಳ್ಳಿ ಎಂದರೆ ಏನೋ ಅದು?" ಎಂದು ಮೊದಲ ಸಲ ಮೂಗು ಮುರಿದವಳು, ಮೊನ್ನೆ ಖಾಲಿ ಟ್ರೇಯನ್ನು ತೊಳೆದು ಒರೆಸಿ ವಾಪಸು ಕಳಿಸಿದ್ದಾಳೆ, ಜೊತೆಗೆ ತಾನೇ ಕೊಂಡ ಇನ್ನೆರಡು ಹೊಸ ಟ್ರೇಗಳನ್ನೂ.