ಹದಿನೆಂಟರಿಂದ ಮೂವತ್ತು ಕ್ವಿಂಟಲ್‌ಗೆ: ಮುಸುಕಿನ ಜೋಳದಲ್ಲಿ ನನ್ನ ಅನುಭವ

ಸಸಿ ಎಣಿಸುವವನೆಂದು ನನಗೆ ಹೆಸರು ಬಿದ್ದು ಮೂರ್ನಾಲ್ಕು ವರ್ಷಗಳಾದವು. ಆರೂಮುಕ್ಕಾಲು ಮೀಟರ್ ಹಗ್ಗವನ್ನು ಸಾಲಿನುದ್ದಕ್ಕೆ ಎಳೆದು ಕುಕ್ಕರಗಾಲಿನಲ್ಲಿ ಕುಳಿತು ಎಣಿಸುತ್ತಿದ್ದ ನನ್ನನ್ನು ಕಂಡು ನಕ್ಕವರಲ್ಲಿ ಇಬ್ಬರು ಈ ಹಂಗಾಮಿನಲ್ಲಿ ಅದೇ ಹಗ್ಗವನ್ನು ಕೇಳಿಕೊಂಡು ಬಂದರು. ಆದ್ದರಿಂದ ನಡೆದದ್ದನ್ನು ನೆನಪಿರುವ ಮಟ್ಟಿಗೆ ಬರೆದಿಡುತ್ತಿದ್ದೇನೆ.

ನನ್ನ ಹೊಲದಲ್ಲಿ ಎಕರೆಗೆ ಹದಿನೇಳು, ಹದಿನೆಂಟು ಕ್ವಿಂಟಲ್ ಬರುತ್ತಿತ್ತು. ಅದೇ ತಳಿಯನ್ನು ನೀರಿನ ಪಕ್ಕದ ಒಂದು ತುಣುಕಿನಲ್ಲಿ ಯಾವುದಕ್ಕೂ ಕೊರತೆ ಮಾಡದೆ ಬೆಳೆದು ನೋಡಿದಾಗ, ಎಕರೆಗೆ ಲೆಕ್ಕ ಹಾಕಿದರೆ 38ರ ಆಸುಪಾಸು ಬಂತು. ಆ ಬಿಸಿಲಿಗೆ, ಆ ತಳಿಗೆ ಅದೇ ಮೇಲಿನ ಮಿತಿ ಎಂದು ಇಟ್ಟುಕೊಂಡೆ. ನೆಬ್ರಾಸ್ಕಾ ಮತ್ತು ವಾಗೆನಿಂಗೆನ್ ವಿಶ್ವವಿದ್ಯಾಲಯಗಳ ನೇತೃತ್ವದಲ್ಲಿ ಸಿದ್ಧವಾದ, ಬರಬಹುದಾದ ಇಳುವರಿಗೂ ಬರುತ್ತಿರುವ ಇಳುವರಿಗೂ ಇರುವ ವ್ಯತ್ಯಾಸ ತೋರಿಸುವ ಜಾಗತಿಕ ಇಳುವರಿ ಅಂತರದ ಅಟ್ಲಾಸ್‌ನವರು ನೀರಾವರಿ ಬೆಳೆಗೆ ಇಂಥ ಮಿತಿಯ ಶೇ. 80ರಷ್ಟನ್ನೇ ರೈತನಿಗೆ ಕೈಗೆಟುಕುವ ಗುರಿ ಎಂದು ಎಣಿಸುತ್ತಾರೆ. ಅದಕ್ಕಿಂತ ಮೇಲಕ್ಕೆ ಹೋದಷ್ಟೂ ಖರ್ಚು ಗಿಟ್ಟುವುದಿಲ್ಲ. ಹಾಗಾಗಿ ನನ್ನ ಗುರಿ 30 ಆಯಿತು.

ಮೊದಲ ಎರಡು ವರ್ಷ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಬೆಲೆ ಪ್ರತಿವರ್ಷ ಬದಲಾಗುವುದರಿಂದ ನಾನು ಲಾಭನಷ್ಟವನ್ನು ಜೋಳದ ಕ್ವಿಂಟಲ್‌ಗಳಲ್ಲೇ ಬರೆದಿಡುತ್ತೇನೆ. ಮೊದಲ ವರ್ಷ ಮೂರು ಕ್ವಿಂಟಲ್ ಜೋಳದ ಬೆಲೆಯಷ್ಟು ಗೊಬ್ಬರವನ್ನು ಹೆಚ್ಚಾಗಿ ಸುರಿದೆ. ಬಂದದ್ದು ಒಂದು ಕ್ವಿಂಟಲ್ ಹೆಚ್ಚು. ಎರಡನೆಯ ವರ್ಷ ದುಬಾರಿ ಬೀಜ ತಂದೆ. ಲದ್ದಿ ಹುಳು ಸುಳಿಯನ್ನೇ ತಿಂದುಹಾಕಿದ್ದರಿಂದ ಬೀಜದ ಗುಣವೇನೆಂದು ತಿಳಿಯುವ ಮೊದಲೇ ಹಂಗಾಮು ಮುಗಿಯಿತು.

ಮೂರನೆಯ ವರ್ಷ ಹೊಲದಲ್ಲಿ ಉದ್ದುದ್ದ ಪಟ್ಟಿಗಳನ್ನು ಗುರುತು ಮಾಡಿ, ಒಂದೊಂದರಲ್ಲಿ ಒಂದೊಂದನ್ನು ಬಿಟ್ಟು ನೋಡಿದೆ. ಒಂದು ಪಟ್ಟಿಗೆ ಎಲ್ಲವೂ ಸಿಕ್ಕಿತು. ಉಳಿದವುಗಳಲ್ಲಿ ಒಂದಕ್ಕೆ ಸಾರಜನಕವಿಲ್ಲ, ಒಂದಕ್ಕೆ ರಂಜಕವಿಲ್ಲ, ಒಂದಕ್ಕೆ ಪೊಟ್ಯಾಷ್ ಇಲ್ಲ, ಒಂದಕ್ಕೆ ಸತುವಿಲ್ಲ, ಇನ್ನೊಂದಕ್ಕೆ ಗೊಬ್ಬರವೆಲ್ಲ ಇದ್ದರೂ ಬಿತ್ತನೆ ಮಾತ್ರ ನನ್ನ ಹಳೆಯ ರೀತಿಯದು. ಎಲ್ಲವೂ ಸಿಕ್ಕ ಪಟ್ಟಿ 29 ಮುಟ್ಟಿತು. ಸಾರಜನಕವಿಲ್ಲದ್ದು 13ಕ್ಕೆ ಕುಸಿಯಿತು, ಅದರಲ್ಲಿ ಆಶ್ಚರ್ಯವೇನಿರಲಿಲ್ಲ. ರಂಜಕ ಬಿಟ್ಟದ್ದರಲ್ಲಿ ಎರಡು ಕ್ವಿಂಟಲ್, ಸತು ಬಿಟ್ಟದ್ದರಲ್ಲಿ ಒಂದೂವರೆ ಕಡಿಮೆ. ಪೊಟ್ಯಾಷ್ ಬಿಟ್ಟದ್ದರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಹಳೆಯ ಬಿತ್ತನೆಯ ಪಟ್ಟಿ ಅಷ್ಟು ಗೊಬ್ಬರ ತಿಂದೂ 22ಕ್ಕೆ ನಿಂತಿತು. ಏಳು ಕ್ವಿಂಟಲ್ ನಷ್ಟವಾಗುತ್ತಿದ್ದುದು ಬಿತ್ತುವ ದಿನದಂದೇ ಎಂಬುದು ಆಗ ತಿಳಿಯಿತು.

ಆರೂಮುಕ್ಕಾಲು ಮೀಟರ್ ಏಕೆಂದರೆ, 60 ಸೆಂಟಿಮೀಟರ್ ಅಂತರದ ಸಾಲಿನಲ್ಲಿ ಅಷ್ಟುದ್ದ ಎಕರೆಯ ಸಾವಿರದ ಒಂದು ಪಾಲಾಗುತ್ತದೆ. ಎಣಿಸಿದ ಸಂಖ್ಯೆಯ ಮುಂದೆ ಮೂರು ಸೊನ್ನೆ ಹಾಕಿದರೆ ಮುಗಿಯಿತು. ಸಸಿಯಿಂದ ಸಸಿಗೆ 20 ಸೆಂಟಿಮೀಟರ್ ಇಟ್ಟು 33,000 ಸಸಿ ನಿಲ್ಲಿಸಿದ್ದೇನೆಂದು ನಂಬಿಕೊಂಡಿದ್ದ ಹೊಲದಲ್ಲಿ ಸಿಕ್ಕಿದ್ದು ಇಪ್ಪತ್ಮೂರೇ ಸಸಿ. ಅವುಗಳಲ್ಲಿಯೂ ನಾಲ್ಕೈದು ತಡವಾಗಿ ಎದ್ದವು. ಎಷ್ಟು ತಡವೆಂದು ತಿಳಿಯಲು, ಮೊದಲ ದಿನ ಮೂಡಿದ ಸಸಿಗೆ ಕೆಂಪು ದಾರ, ಎರಡನೆಯ ದಿನದ್ದಕ್ಕೆ ಹಳದಿ, ಆಮೇಲಿನವುಗಳಿಗೆ ನೀಲಿ ಮತ್ತು ಬಿಳಿ ದಾರ ಕಟ್ಟುತ್ತಾ ಹೋದೆ. ಕೊಯ್ಲಿನಲ್ಲಿ ಬೇರೆ ಬೇರೆಯಾಗಿ ಕಿತ್ತಾಗ ಕೆಂಪು, ಹಳದಿ ದಾರದ ತೆನೆಗಳು ತುದಿಯವರೆಗೆ ಕಾಳು ಕಟ್ಟಿದ್ದವು. ನಾಲ್ಕು ದಿನ ತಡವಾದ ಬಿಳಿ ದಾರದ ಗಿಡಗಳಲ್ಲಿ ಹಲವು ತೆನೆಯನ್ನೇ ಕೊಡದೆ, ಪಕ್ಕದ ಗಿಡದ ಪಾಲಿನ ಗೊಬ್ಬರ ತಿಂದು ಕಳೆಯಂತೆ ನಿಂತಿದ್ದವು.

ಬೆರಳಿನಿಂದ ಮಣ್ಣು ಕೆದಕಿ ನೋಡಿದಾಗ ಒಂದು ಬೀಜ ಎರಡು ಸೆಂಟಿಮೀಟರ್ ಆಳದಲ್ಲಿ ಒಣ ಮಣ್ಣಿನಲ್ಲಿತ್ತು, ಅದರ ನೆರೆಯದು ಎಂಟು ಸೆಂಟಿಮೀಟರ್ ಕೆಳಗಿತ್ತು. ಬಿತ್ತನೆ ಯಂತ್ರವನ್ನು ಓಡಿಸುತ್ತಿದ್ದ ವೇಗವನ್ನು ಅರ್ಧದಷ್ಟು ಇಳಿಸಿ, ಹದವಾದ ತೇವದಲ್ಲಿ ಐದು ಸೆಂಟಿಮೀಟರ್ ಆಳಕ್ಕೆ ಬೀಳುವಂತೆ ಮಾಡಿದ ಮೇಲೆ ಎಣಿಕೆ 31, 32ಕ್ಕೆ ಬಂತು. ಬೀಜದ ಮೇಲೆ ಮಣ್ಣನ್ನು ಒತ್ತುವ ಗಾಲಿಗೆ ನಾನೇ ಮಾಡಿಕೊಂಡ ಒಂದು ಚಿಕ್ಕ ಬದಲಾವಣೆಯಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟು ದಿನ ನಗಿಸಿಕೊಂಡದ್ದಕ್ಕೆ ಅದೊಂದು ನನ್ನ ಬಳಿಯೇ ಇರಲಿ.

ಯೂರಿಯಾ ಪ್ರಮಾಣವನ್ನು ಮೊದಲಿದ್ದ ಮೂರು ಚೀಲಕ್ಕೇ, ಅಂದರೆ ಎಕರೆಗೆ 135 ಕಿಲೋಗೆ ಇಳಿಸಿದೆ. ಕೊಡುವ ಕಾಲವನ್ನು ಮಾತ್ರ ಬದಲಿಸಿದೆ: ಬಿತ್ತುವಾಗ ಐದರಲ್ಲಿ ಒಂದು ಪಾಲು, ಎಂಟು ಎಲೆಯ ಹಂತದಲ್ಲಿ ಎರಡು ಪಾಲು, ಸೂಲಂಗಿ, ಅಂದರೆ ಗಿಡದ ತುದಿಯ ಗಂಡು ಹೂ, ಇಣುಕುವ ಮುನ್ನ ಎರಡು ಪಾಲು. ಮೇಲುಗೊಬ್ಬರ ಎರಚಿದ ಕೂಡಲೇ ಮೊದಲ ಸಲ ಸಾಲುಗಳ ನಡುವೆ ಎಡೆ ಹೊಡೆದು, ಎರಡನೆಯ ಸಲ ನೀರು ಹಾಯಿಸಿ ಅದನ್ನು ಮಣ್ಣಿಗೆ ಇಳಿಸದಿದ್ದರೆ ಅರ್ಧ ದುಡ್ಡು ಗಾಳಿಗೆ ಹೋದಂತೆಯೇ. ತೆನೆಯ ತುದಿಯಲ್ಲಿ ಕೂದಲಿನಂಥ ರೇಷ್ಮೆ ಹೊರಬರುವ ಹದಿನೈದು ದಿನಗಳಲ್ಲಿ ನೀರನ್ನು ಒಂದು ದಿನವೂ ತಡಮಾಡಲಿಲ್ಲ, ಏಕೆಂದರೆ ಒಂದೊಂದು ರೇಷ್ಮೆ ಎಳೆಗೆ ಒಂದೊಂದು ಕಾಳು. ಪರಾಗ ತಾಗದ ಎಳೆಗೆ ಕಾಳು ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಬರುವುದಿಲ್ಲ. ರೇಷ್ಮೆ ಬಂದು ವಾರವಾದ ಮೇಲೆ ತೆನೆಯ ಸಿಪ್ಪೆಯನ್ನು ಎಳೆಗಳಿಗೆ ನೋವಾಗದಂತೆ ಸುಲಿದು, ತೆನೆಯನ್ನು ತಲೆಕೆಳಗೆ ಹಿಡಿದು ಕೊಡವಿದರೆ ಫಲ ಕಟ್ಟಿದ ಎಳೆಗಳು ಉದುರುತ್ತವೆ, ಕಟ್ಟದವು ದಿಂಡಿಗೆ ಅಂಟಿಕೊಂಡೇ ಇರುತ್ತವೆ. ನೀರು ತಡವಾದ ಹಳೆಯ ವರ್ಷಗಳಲ್ಲಿ ತುದಿಯ ಎರಡು ಬೆರಳಗಲ ಎಳೆ ಉಳಿಯುತ್ತಿತ್ತು.

ನಡುವೆ ಕೆಲವು ಹುಚ್ಚುಗಳನ್ನೂ ಮಾಡಿದೆ. ಬೀಜವನ್ನು ರಾತ್ರಿಯಿಡೀ ನೆನೆಸಿ ನೆರಳಿನಲ್ಲಿ ಒಣಗಿಸಿ ಬಿತ್ತಿದರೆ ಒಂದೂವರೆ ದಿನ ಮೊದಲೇ ಮೊಳೆಯುತ್ತದೆ, ನಿಜ; ಆದರೆ ಬೀಜಕ್ಕೆ ಸವರಿದ ಔಷಧಿ ತೊಳೆದುಹೋಗಿ, ಗಳಿಸಿದ ಸಸಿಗಳಿಗಿಂತ ಹೆಚ್ಚು ಸಸಿಗಳು ಕೊಳೆತವು. ಮೂವತ್ತು ಸಾವಿರದಿಂದ ಇಷ್ಟು ಬಂದರೆ ನಲವತ್ತೆರಡು ಸಾವಿರದಿಂದ ಎಷ್ಟು ಬರಬಹುದೆಂಬ ಆಸೆಗೆ ಅರ್ಧ ಎಕರೆ ಒತ್ತಾಗಿ ಬಿತ್ತಿದೆ. ದಂಟುಗಳು ಬೆರಳಿನಷ್ಟಾಗಿ, ಒಂದೇ ಗಾಳಿಗೆ ಮಲಗಿದವು.

ನಾಲ್ಕನೆಯ ವರ್ಷ ಇಡೀ ಹೊಲದಲ್ಲಿ ಈ ಕ್ರಮವನ್ನು ಅನುಸರಿಸಿ, ರಾಶಿಯ ದಿನವೇ ತೂಗಿ ಎಕರೆಗೆ 34 ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ತೇವಾಂಶ ನೋಡಿದರೆ ಶೇ. 24. ಶೇ. 14ಕ್ಕೆ ಇಳಿಸಿ ಲೆಕ್ಕ ಹಾಕಿದಾಗ ಉಳಿದದ್ದು 30. ಆ ನಾಲ್ಕು ಕ್ವಿಂಟಲ್ ಬರೀ ನೀರು. ಆದರೂ ಗುರಿ ಮುಟ್ಟಿತ್ತು. ಸ್ವಲ್ಪ ಹೆಚ್ಚು ಬೀಜ, ಮೂರನೆಯ ಕಂತಿನ ಆಳು, ಒಂದು ಹೆಚ್ಚುವರಿ ನೀರು, ಹೆಚ್ಚಿದ ಕೊಯ್ಲು ಮತ್ತು ರಾಶಿಯ ಕೂಲಿ ಎಲ್ಲ ಸೇರಿ ಮೂರೂವರೆ ಕ್ವಿಂಟಲ್ ಖರ್ಚು. ಹೆಚ್ಚು ಬಂದದ್ದು ಹನ್ನೆರಡು.

ಪೊಟ್ಯಾಷ್ ವಿಷಯದಲ್ಲಿ ಮಾತ್ರ ನನ್ನ ಜಾಣತನವೇ ನನ್ನನ್ನು ಹೊಡೆಯಿತು. ಪಟ್ಟಿಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ಅದನ್ನು ಪೂರ್ತಿ ನಿಲ್ಲಿಸಿ, ಉಳಿತಾಯವಾಯಿತೆಂದು ಬೀಗಿದ್ದೆ. ಬೆಳೆ ಹೀರಿದ ಪೊಟ್ಯಾಷ್‌ನ ಹೆಚ್ಚಿನ ಪಾಲು ಕಾಳಿನಲ್ಲಲ್ಲ, ದಂಟು ಮತ್ತು ಎಲೆಗಳಲ್ಲಿ ಉಳಿಯುತ್ತದೆ. ಆ ದಂಟನ್ನೆಲ್ಲ ನಾನು ಪ್ರತಿವರ್ಷ ಮೇವಿಗೆ ಸಾಗಿಸುತ್ತಿದ್ದೆ. ಐದನೆಯ ವರ್ಷ ಕೆಳಗಿನ ಎಲೆಗಳ ಅಂಚು ಸುಟ್ಟಂತೆ ಒಣಗಿ, ಇಳುವರಿ 27ಕ್ಕೆ ಇಳಿಯಿತು. ಈಗ ಅರ್ಧ ದಂಟನ್ನು ಹೊಲದಲ್ಲೇ ಕತ್ತರಿಸಿ ಬಿಡುತ್ತೇನೆ, ಅರ್ಧ ಚೀಲ ಪೊಟ್ಯಾಷ್ ಹಾಕುತ್ತೇನೆ. ಬಿಟ್ಟು ನೋಡುವ ಪಟ್ಟಿಯನ್ನು ಅದೇ ಜಾಗದಲ್ಲಿ ಮೂರು ವರ್ಷ ಮುಂದುವರಿಸದೆ ತೀರ್ಮಾನ ಮಾಡುವುದನ್ನು ನಿಲ್ಲಿಸಿದ್ದೇನೆ. ಈ ಸಲ ಬಿತ್ತಿ ಹನ್ನೆರಡು ದಿನಗಳಾಗಿವೆ. ನಿನ್ನೆ ಹತ್ತು ಕಡೆ ಹಗ್ಗ ಎಳೆದು ಎಣಿಸಿದಾಗ ಸರಾಸರಿ 32 ಬಂತು. ಬಿಳಿ ದಾರ ಕಟ್ಟಿದ್ದು ಒಟ್ಟು ಆರು ಸಸಿಗಳಿಗೆ.