ಆರ್ಟ್ ಕನ್ಸರ್ವೇಶನ್ ಓದ್ಬೇಕು ಅಂತಿದೀರಾ? ಮೊದ್ಲು ಕೆಮಿಸ್ಟ್ರಿ ಬಿಡ್ಬೇಡಿ

ಹಳೇ ಚಿತ್ರ, ಓಲೆಗರಿ, ದೇವಸ್ಥಾನದ ಭಿತ್ತಿಚಿತ್ರ ಇವನ್ನ ಉಳಿಸೋ ಕೆಲಸ ಕಲೀಬೇಕು, ಯಾವ ಡಿಗ್ರಿ ತಗೊಳ್ಲಿ ಅಂತ ಪಿಯುಸಿ ಮುಗ್ಸಿರೋ ಮಕ್ಕಳು ಕೇಳ್ತಾರೆ. ಕೇಳೋರಲ್ಲಿ ತುಂಬಾ ಜನ ಚಿತ್ರ ಚೆನ್ನಾಗಿ ಬರೀತಾರೆ, ಆದ್ರೆ ಕೆಮಿಸ್ಟ್ರಿ ಅಂದ್ರೆ ಭಯ. ಈ ಕೆಲಸಕ್ಕೆ ಕೆಮಿಸ್ಟ್ರಿ, ಪಳಗಿದ ಕೈ, ಕಲಾ ಇತಿಹಾಸ ಮೂರೂ ಬೇಕು, ಅದ್ರಲ್ಲಿ ಆಮೇಲೆ ನೋಡ್ಕೊಳ್ಳೋಣ ಅಂತ ಬಿಟ್ರೆ ಹಿಡಿಯೋಕೆ ಕಷ್ಟ ಆಗೋದು ಕೆಮಿಸ್ಟ್ರಿನೇ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಅಜಂತಾ ನೋಡಿ. 1920ರ ಸುಮಾರಿಗೆ ನಿಜಾಮರ ಸರ್ಕಾರ ಇಟಲಿಯಿಂದ ಪರಿಣಿತರನ್ನ ಕರೆಸ್ತು, ಅವರು ಉದುರ್ತಿದ್ದ ಬಣ್ಣ ಹಿಡಿದಿಡೋಕೆ ಶೆಲ್ಲಾಕ್ ಅಂದ್ರೆ ನಮ್ಮ ಅರಗಿನ ವಾರ್ನಿಷ್ ಹಚ್ಚಿದ್ರು, ಒಳ್ಳೇ ಮನಸ್ಸಿಂದಾನೇ ಹಚ್ಚಿದ್ರು, ಆದ್ರೆ ಅದು ವರ್ಷ ಕಳೀತಾ ಹಳದಿಯಾಗಿ ಕಂದಾಗಿ ಚಿತ್ರಾನೇ ಮುಚ್ತಾ ಬಂತು, ಆಮೇಲೆ ಅದನ್ನ ತೆಗೆಯೋದೇ ದಶಕಗಳ ಕೆಲಸ ಆಯ್ತು. ಇವತ್ತು ಹಚ್ಚಿದ್ದು ನಾಳೆ ತೆಗೆಯೋಕೆ ಬರ್ಬೇಕು ಅನ್ನೋದು ಈ ವಿದ್ಯೆಯ ಮೊದಲ ಪಾಠ. ಪ್ಯಾರಾಲಾಯ್ಡ್ ಬಿ-72 ಅನ್ನೋ ರೆಸಿನ್ ಲ್ಯಾಬುಗಳಲ್ಲಿ ಅಷ್ಟು ಬಳಸೋದೂ ಅದಕ್ಕೇ, ಎಷ್ಟೋ ವರ್ಷ ಆದ್ಮೇಲೂ ಅಸಿಟೋನಲ್ಲಿ ಕರಗತ್ತೆ. ನಮ್ಮ ಮೈಸೂರು ಚಿತ್ರಾನೇ ತಗೊಳ್ಳಿ, ಚಿನ್ನದ ರೇಕಿನ ಕೆಳಗಿರೋ ಗೆಸ್ಸೋ ಕೆಲಸದಲ್ಲಿ, ಅಂದ್ರೆ ಉಬ್ಬಿಸಿ ಹಚ್ಚಿರೋ ಲೇಪದಲ್ಲಿ, ಗೋಂದು ಇರತ್ತೆ, ಒದ್ದೆ ಬಟ್ಟೇಲಿ ಒರೆಸಿದ್ರೆ ಚಿತ್ರ ಹೋಯ್ತು. ಯಾವುದು ಯಾವುದ್ರಲ್ಲಿ ಕರಗತ್ತೆ ಅಂತ ಗೊತ್ತಿಲ್ದೆ ಹತ್ತಿ ಕಡ್ಡಿ ಕೈಗೆತ್ಕೋಬಾರ್ದು.

ಓದು ಎಲ್ಲಿ ಅಂದ್ರೆ, ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಪಿಜಿ ಲೆವೆಲ್ ಓದು, ಹಾಗಾಗಿ ಡಿಗ್ರಿ ಮೂರು ವರ್ಷಾನ ತಯಾರಿ ಅಂತ್ಲೇ ಇಟ್ಕೊಳ್ಳಿ. ಕೆಮಿಸ್ಟ್ರಿ ಇರೋ ಬಿಎಸ್ಸಿ ಮಾಡ್ಕೊಂಡು ಸಂಜೆ ಹೊತ್ತು ಚಿತ್ರಕಲೆ ಕಲಿಯೋ ದಾರಿ ನನ್ನ ಪ್ರಕಾರ ಸುಲಭ. ಬಿವಿಎ, ಅಂದ್ರೆ ದೃಶ್ಯಕಲೆಯ ಡಿಗ್ರಿ, ಮಾಡೋರು ಕೆಮಿಸ್ಟ್ರಿ ಬೇರೆ ಕಡೆ ಕಲೀಲೇಬೇಕು. ಆಮೇಲೆ ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್‌ನಲ್ಲಿ ಕನ್ಸರ್ವೇಶನ್ ಎಂಎ ಇದೆ, 1989ರಲ್ಲಿ ದೆಹಲೀಲಿ ಶುರುವಾದ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟೇ ಈಗ ಅದು. ಲಕ್ನೋದ ಎನ್‌ಆರ್‌ಎಲ್‌ಸಿ, ಅಂದ್ರೆ ಹಳೇ ಕಲಾವಸ್ತು ಉಳಿಸೋ ಕೇಂದ್ರ ಸರ್ಕಾರದ ಸಂಶೋಧನಾ ಲ್ಯಾಬ್, ತರಬೇತಿ ಕೊಡತ್ತೆ, ಅದರ ಪ್ರಾದೇಶಿಕ ಲ್ಯಾಬ್ ನಮ್ಮ ಮೈಸೂರಲ್ಲೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಲ್ಲಿ, ಪರಂಪರೆ ಉಳಿಸೋ ಸಂಸ್ಥೆ ಇಂಟ್ಯಾಕ್‌ನವರ ಕನ್ಸರ್ವೇಶನ್ ಸೆಂಟರ್ ಇದೆ, ಇಂಟರ್ನ್‌ಶಿಪ್ ಕೇಳ್ಕೊಂಡು ಹೋಗಿ, ಒಂದ್ಸಲ ಇಲ್ಲ ಅಂದ್ರೆ ಆರು ತಿಂಗಳು ಬಿಟ್ಟು ಮತ್ತೆ ಕೇಳಿ. ಹೊರದೇಶಕ್ಕೆ ಹೋಗೋ ಆಸೆ ಇದ್ರೆ ಅಮೆರಿಕದ ಡೆಲಾವೇರ್, ನ್ಯೂಯಾರ್ಕ್ ಯೂನಿವರ್ಸಿಟಿ ತರದ ಕಡೆ ಆರ್ಗ್ಯಾನಿಕ್ ಕೆಮಿಸ್ಟ್ರಿ, ಸ್ಟುಡಿಯೋ ಕೆಲಸ, ಕಲಾ ಇತಿಹಾಸ ಎಲ್ಲಾನೂ ನೋಡ್ತಾರೆ, ಮೊದ್ಲೇ ಲ್ಯಾಬಲ್ಲಿ ಕೆಲಸ ಮಾಡಿರೋ ಅನುಭವಾನೂ ನೋಡ್ತಾರೆ.

ಈಗ ಕೈ ಪಳಗ್ಸೋ ವಿಷಯ, ಇದಕ್ಕೆ ಯಾವ ಕಾಲೇಜೂ ಬೇಡ, ಇವತ್ತೇ ಶುರು ಮಾಡಿ. ರದ್ದಿ ಅಂಗಡಿಯಿಂದ ಹರಿದ ಹಳೇ ಪುಸ್ತಕ ತನ್ನಿ, ಮನೆಯೋರ ದಾಖಲೆ ಮುಟ್ಬೇಡಿ. ಗೋಧಿ ಪಿಷ್ಟಾನ ನೀರಲ್ಲಿ ಕೈಯಾಡಿಸ್ತಾ ಬೇಯಿಸಿ ಆರಿಸಿ ಜರಡಿ ಹಿಡೀರಿ. ಮೈದಾ ಅಂಟಲ್ಲೂ ಕಲೀಬಹುದು, ಆದ್ರೆ ಲ್ಯಾಬಲ್ಲಿ ಗ್ಲುಟನ್ ತೆಗೆದಿರೋ ಪಿಷ್ಟಾನೇ ಬಳಸೋದು. ತೆಳು ಟಿಶ್ಯೂ ಕಾಗದಾನ ಕತ್ತರೀಲಿ ಕತ್ತರಿಸ್ಬೇಡಿ, ನೀರಿನ ಗೆರೆ ಎಳೆದು ಕೈಯಲ್ಲಿ ಹರೀರಿ, ಆಗ ಅಂಚಲ್ಲಿ ನಾರು ಉಳಿಯತ್ತೆ, ಹಿಡಿತ ಚೆನ್ನಾಗಿರತ್ತೆ. ಹರಿದ ಕಡೆ ಅಂಟಿಸಿ, ಬ್ಲಾಟಿಂಗ್ ಪೇಪರ್ ಮಧ್ಯ ಇಟ್ಟು ಭಾರ ಹೇರಿ. ಒಂದು ವಾರ ಆದ್ಮೇಲೆ ಅದೇ ತೇಪೇನ ತೇವ ಕೊಟ್ಟು ಬಿಚ್ಚಿ, ಕಾಗದಕ್ಕೆ ಏನೂ ಆಗ್ದೆ ಬಿಚ್ಕೊಂಡ್ರೆ ಮಾತ್ರ ಕೆಲಸ ಸರಿ ಆಗಿದೆ ಅಂತ. ನಾನು ಕಲೀತಿದ್ದಾಗ ನಮ್ಮ ತಾತನ ಕಾಗದ ಒಂದನ್ನ ಶಾಯಿ ಪರೀಕ್ಷೆ ಮಾಡ್ದೇನೇ ನೀರಿಗೆ ಹಾಕ್ಬಿಟ್ಟೆ, ಕಣ್ಣೆದುರಿಗೇ ಅಕ್ಷರ ಎಲ್ಲಾ ನೀಲಿ ಮೋಡ ಆಯ್ತು, ಅದು ಇನ್ನೂ ಸಂಕಟ. ಯಾವ ಶಾಯೀನೇ ಆಗ್ಲಿ, ಮೂಲೇಲಿ ಒಂದು ಹನಿ ಇಟ್ಟು ಬ್ಲಾಟರ್ ಒತ್ತಿ ನೋಡಿ, ಆಮೇಲೆ ಮುಂದಕ್ಕೆ.

ಓಲೆಗರಿ ಇನ್ನೊಂದೇ ಲೋಕ. ಕಂಟದಲ್ಲಿ, ಅಂದ್ರೆ ಚೂಪಾದ ಕಬ್ಬಿಣದ ಲೇಖನೀಲಿ, ಕೊರೆದು ಮೇಲೆ ಮಸಿ ಉಜ್ಜಿರ್ತಾರೆ, ಗರಿ ಒಣಗಿ ಬಿರುಕು ಬಿಡ್ದಿರ್ಲಿ ಅಂತ ಮಜ್ಜಿಗೆ ಹುಲ್ಲಿನ ಎಣ್ಣೆ ಸವರೋ ರೂಢಿ. 1905ರಲ್ಲಿ ವಿದ್ವಾಂಸ ಶಾಮಾಶಾಸ್ತ್ರಿಗಳ ಕಣ್ಣಿಗೆ ಕೌಟಿಲ್ಯನ ಅರ್ಥಶಾಸ್ತ್ರ ಬಿದ್ದಿದ್ದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಇಂಥದ್ದೇ ಗರಿಗಳಲ್ಲಿ. ಗೆದ್ದಲೋ ತೇವಾನೋ ಮೊದ್ಲೇ ತಿಂದಿದ್ರೆ ಅದು ನಮಗೆ ಸಿಕ್ತಾನೇ ಇರ್ಲಿಲ್ಲ.

ಸಂಬಳದ ಮಾತು ಮುಚ್ಚಿಡಲ್ಲ. ಶುರುವಲ್ಲಿ ಪ್ರಾಜೆಕ್ಟ್ ಲೆಕ್ಕದ ಕೆಲಸಾನೇ ಜಾಸ್ತಿ, ಮನೇಲಿ ಮೊದ್ಲೇ ಹೇಳಿಡಿ. ಮ್ಯೂಸಿಯಂ, ಆರ್ಕೈವ್ಸ್, ಖಾಸಗಿ ಸ್ಟುಡಿಯೋ ಇವೆ, ಪುರಾತತ್ವ ಇಲಾಖೆಗೂ ಡೆಹ್ರಾಡೂನಲ್ಲಿ ಕೇಂದ್ರ ಇರೋ ಸೈನ್ಸ್ ಬ್ರಾಂಚ್ ಅಂತ ಇದೆ, ಅಲ್ಲಿಗೂ ಕೆಮಿಸ್ಟ್ರಿ ಓದಿರೋರೇ ಬೇಕು.

ಇಂಟರ್‌ವ್ಯೂಗೆ ಪೋರ್ಟ್‌ಫೋಲಿಯೋ ಮಾಡೋವಾಗ ಚೆಂದದ ಚಿತ್ರಗಳ ಜೊತೆಗೆ ಕಂಡೀಶನ್ ರಿಪೋರ್ಟೂ, ಅಂದ್ರೆ ವಸ್ತು ಈಗ ಯಾವ ಸ್ಥಿತೀಲಿದೆ ಅನ್ನೋ ವರದೀನೂ, ಇಡಿ. ಅದನ್ನ ಕಲಿಯೋಕೆ ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಿ, 1784ರ ಕಟ್ಟಡ, ಪಶ್ಚಿಮದ ಗೋಡೇಲಿ ಹೈದರ್, ಟಿಪ್ಪು ಬ್ರಿಟಿಷರನ್ನ ಸೋಲಿಸಿದ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. ಏನನ್ನೂ ಮುಟ್ಟದೆ ಒಂದೇ ಒಂದು ಮೊಳದಷ್ಟು ಜಾಗ ಆರಿಸ್ಕೊಂಡು ಅದರ ನಕ್ಷೆ ಬರ್ಕೊಳ್ಳಿ, ಬಿರುಕಿಗೆ ಒಂದು ಬಣ್ಣ, ಪದರ ಏಳ್ತಿರೋದಕ್ಕೆ ಒಂದು, ಆಮೇಲೆ ಯಾರೋ ಬಣ್ಣ ತುಂಬಿರೋ ಹಾಗೆ ಕಾಣೋದಕ್ಕೆ ಇನ್ನೊಂದು. ಮಳೆಗಾಲ ಮುಗಿದ್ಮೇಲೆ ಅದೇ ನಕ್ಷೆ ಹಿಡ್ಕೊಂಡು ಮತ್ತೆ ಹೋಗಿ ಅದೇ ಜಾಗದ ಮುಂದೆ ನಿಂತು ಹೋಲಿಸಿ ನೋಡಿ.